ಉಗಾರದ ಮಟಮಟ ಮಧ್ಯಾಹ್ನ



ನಮ್ಮ ಕಡೆಯ ಲಗ್ನಪತ್ರಿಕೆಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅಥಣಿಯದಿರಲಿ, ರಾಯಬಾಗದ್ದಿರಲಿ, ಚಿಕ್ಕೋಡಿಯದಿರಲಿ, ಅಕ್ಷತೆಯ ಹೊತ್ತು ಬಹಳ ಸಲ ಹನ್ನೆರಡೂವರೆಯ ಆಜುಬಾಜಿನಲ್ಲೇ ಇರುತ್ತದೆ. ಹನ್ನೆರಡು ಮೂವತ್ತೊಂದು, ಹನ್ನೆರಡು ಮೂವತ್ತೈದು, ಹೀಗೆ. ಬಿಸಿಲಲ್ಲಿ ಬಂದ ಬೀಗರು ಮಂಟಪದಲ್ಲಿ ಕೂತು ಹಸಿದುಕೊಂಡು, ಸರಿಯಾಗಿ ಹನ್ನೆರಡಕ್ಕೇ ಇಟ್ಟುಕೊಳ್ಳಬಾರದಿತ್ತೇ ಎಂದು ಕೇಳುವುದುಂಟು. ಮುಹೂರ್ತ ತೆಗೆದವರು ಹನ್ನೆರಡನ್ನು ಬಿಟ್ಟದ್ದಕ್ಕೆ ಗಟ್ಟಿಯಾದ ಕಾರಣವಿದೆ. ಹಗಲನ್ನು ಹದಿನೈದು ಪಾಲು ಮಾಡಿದರೆ ಅದರ ಎಂಟನೆಯ ಪಾಲು ಅಭಿಜಿತ್ ಮುಹೂರ್ತ. ಅದರ ನಟ್ಟನಡುವೆ ಸೂರ್ಯ ಆ ಊರಿನ ಆಕಾಶದಲ್ಲಿ ಅತಿ ಎತ್ತರಕ್ಕೆ ಏರಿರುತ್ತಾನೆ. ಕೃಷ್ಣೆಯ ದಂಡೆಯ ಉಗಾರ ಖುರ್ದದಲ್ಲಿ ಆ ಘಳಿಗೆ ಗಡಿಯಾರದ ಹನ್ನೆರಡಕ್ಕೆ ವರ್ಷದ ಒಂದು ದಿನವೂ ಬರುವುದಿಲ್ಲ. ಸರಾಸರಿ ಹಿಡಿದರೆ 12 ಗಂಟೆ 31 ನಿಮಿಷಕ್ಕೆ ಬರುತ್ತದೆ.

ಆ ಮೂವತ್ತೊಂದು ನಿಮಿಷದ ಬಗ್ಗೆಯೇ ಈ ಹೊತ್ತು ಮಾತಾಡಬೇಕೆಂದಿದ್ದೇನೆ. ಪ್ರತಿ ಊರಿಗೂ ಅದರದೇ ಆದ ಒಂದು ಮಧ್ಯಾಹ್ನವಿದೆ, ಅದನ್ನು ಆ ಊರಿನವರು ತಿಳಿದಿರಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಭೂಮಿ ತನ್ನ ಸುತ್ತ ಒಂದು ಸುತ್ತು, ಅಂದರೆ 360 ಡಿಗ್ರಿ, ತಿರುಗಲು ಸೂರ್ಯನ ಲೆಕ್ಕದಲ್ಲಿ 24 ತಾಸು ಬೇಕು. ತಾಸಿಗೆ 15 ಡಿಗ್ರಿ. ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಹಿರಿಯರ ಲೆಕ್ಕದಲ್ಲಿ ಇದು ಇನ್ನೂ ಸಲೀಸು: ದಿನಕ್ಕೆ 60 ಗಳಿಗೆ, ಆದ್ದರಿಂದ ಗಳಿಗೆಗೆ 6 ಡಿಗ್ರಿ, ಒಂದು ಡಿಗ್ರಿಗೆ 10 ವಿಗಳಿಗೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವದ ಊರಿಗೆ ಸೂರ್ಯ ಮೊದಲು ಬರುತ್ತಾನೆ, ಪಶ್ಚಿಮದ ಊರಿಗೆ ಆಮೇಲೆ. ಭಾರತದ ಗಡಿಯಾರಗಳೆಲ್ಲ ಪೂರ್ವ ರೇಖಾಂಶ 82.5 ಡಿಗ್ರಿಯ ಸೂರ್ಯನನ್ನು ನಂಬಿ ನಡೆಯುತ್ತವೆ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದು ಬರುವ ಆ ಗೆರೆ ದಕ್ಷಿಣದಲ್ಲಿ ಆಂಧ್ರದ ಕಾಕಿನಾಡದ ಹತ್ತಿರ ಸಮುದ್ರಕ್ಕೆ ಇಳಿಯುತ್ತದೆ. ಉಗಾರ ಇರುವುದು 74.8 ಡಿಗ್ರಿಯ ಆಸುಪಾಸಿನಲ್ಲಿ. ನಡುವಿನ ಅಂತರ 7.7 ಡಿಗ್ರಿ. ನಾಲ್ಕರಿಂದ ಗುಣಿಸಿ ನೋಡಿ, ಸುಮಾರು 31 ನಿಮಿಷ ಕೈಗೆ ಬರುತ್ತದೆ.

ಕಾಕಿನಾಡದ ಹೆಸರು ಎತ್ತಿದ್ದಕ್ಕೆ ಇನ್ನೊಂದು ಕಾರಣವಿದೆ. ಅದೂ ನಮ್ಮ ಉಗಾರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅದು 17 ಡಿಗ್ರಿ, ಉಗಾರ 16.6 ಅಥವಾ 16.7. ಹಾಗಾಗಿ ಎರಡೂ ಊರಿನ ಹಗಲಿನ ಉದ್ದ ವರ್ಷವಿಡೀ ಒಂದೇ. ಋತು ಒಂದೇ, ಬಿಸಿಲಿನ ಓರೆ ಒಂದೇ, ಬೇರೆ ಇರುವುದು ರೇಖಾಂಶವೊಂದೇ. ಜನವರಿಯ ನಡುವೆ ಕಾಕಿನಾಡದಲ್ಲಿ ಸೂರ್ಯೋದಯ ಸುಮಾರು 6 ಗಂಟೆ 34 ನಿಮಿಷಕ್ಕೆ. ನಮ್ಮಲ್ಲಿ 7 ದಾಟಿದ ಮೇಲೆ. ಜೂನ್ 21ರಂದು ಅಲ್ಲಿ 6 ಗಂಟೆ 37 ನಿಮಿಷಕ್ಕೆಲ್ಲ ಹೊತ್ತು ಮುಳುಗಿದರೆ ನಮ್ಮಲ್ಲಿ 7 ಗಂಟೆ 6 ನಿಮಿಷದವರೆಗೆ ಬೆಳಕಿರುತ್ತದೆ. ಅದೇ ಸಾಲಿನಲ್ಲಿ ಪಶ್ಚಿಮಕ್ಕೆ ಹೋದರೆ ರತ್ನಾಗಿರಿ ಸಿಗುತ್ತದೆ, ಅಲ್ಲಿ ನಮಗಿಂತಲೂ ಆರು ನಿಮಿಷ ತಡ. ಬಂಗಾಳ ಕೊಲ್ಲಿಯ ದಂಡೆಯ ಮಧ್ಯಾಹ್ನ ಅರಬ್ಬೀ ಸಮುದ್ರದ ದಂಡೆ ಮುಟ್ಟಲು ಮೂವತ್ತಾರು ನಿಮಿಷ ತೆಗೆದುಕೊಳ್ಳುತ್ತದೆ, ದಾರಿಯಲ್ಲಿ ನಮ್ಮ ಕಬ್ಬಿನ ಹೊಲಗಳನ್ನು ದಾಟಿಕೊಂಡೇ ಹೋಗುತ್ತದೆ.

ಎಷ್ಟು ವೇಗ ಅದು? ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ನೆಲದ ಮೇಲೆ ಸುಮಾರು 107 ಕಿಲೋಮೀಟರ್. ನಾಲ್ಕು ನಿಮಿಷಕ್ಕೆ 107, ಅಂದರೆ ನಿಮಿಷಕ್ಕೆ ಇಪ್ಪತ್ತಾರೂವರೆ ಕಿಲೋಮೀಟರಿಗೂ ಹೆಚ್ಚು, ತಾಸಿಗೆ 1600. ಅಥಣಿಯ ನೆತ್ತಿಯ ಮೇಲಿದ್ದ ಸೂರ್ಯ ನಿಪ್ಪಾಣಿಯ ನೆತ್ತಿಗೆ ಬರಲು ಎರಡು ಮುಕ್ಕಾಲು ನಿಮಿಷ ಸಾಕು. ಎರಡೂ ಊರಿನ ಬಸ್ ಸ್ಟ್ಯಾಂಡಿನ ಗಡಿಯಾರ ಒಂದೇ ಹೊತ್ತು ತೋರಿಸುತ್ತಿದ್ದರೂ ನೆಲ ಮಾತ್ರ ಈ ಎರಡು ಮುಕ್ಕಾಲು ನಿಮಿಷವನ್ನು ಬಿಟ್ಟುಕೊಡುವುದಿಲ್ಲ. ಇಡೀ ರಾಜ್ಯ ಹಿಡಿದರೆ ಕೋಲಾರಕ್ಕೂ ಕಾರವಾರಕ್ಕೂ ನಡುವೆ ಸರಿಯಾಗಿ ನಾಲ್ಕು ಡಿಗ್ರಿ, ಹದಿನಾರು ನಿಮಿಷ. ಗುಜರಾತಿನ ಪಶ್ಚಿಮ ತುದಿಗೂ ಅರುಣಾಚಲದ ಪೂರ್ವ ತುದಿಗೂ ಹೆಚ್ಚುಕಡಿಮೆ ಎರಡು ತಾಸು. ಇಷ್ಟಕ್ಕೆಲ್ಲ ಒಂದೇ ಗಡಿಯಾರ. ಅಸ್ಸಾಮಿನ ಚಹಾ ತೋಟಗಳಲ್ಲಿ ಮಾತ್ರ ಬ್ರಿಟಿಷರ ಕಾಲದಿಂದ ಗಡಿಯಾರವನ್ನು ಒಂದು ತಾಸು ಮುಂದಿಟ್ಟುಕೊಂಡು ದುಡಿಯುವ ರೂಢಿ ಇದೆ, ಅದನ್ನು ಬಾಗಾನ್ ಸಮಯ ಎನ್ನುತ್ತಾರೆ. ತೋಟದಲ್ಲಿ ದುಡಿಯುವವರಿಗೆ ಬೆಳಕು ಮುಖ್ಯ, ಆದ್ದರಿಂದ ಅವರು ತಮ್ಮ ರೇಖಾಂಶವನ್ನು ಮರೆಯಲಿಲ್ಲ.

ಮೊದಲಿಗೆ ನಾನು ಸರಾಸರಿ ಎಂದೆ. ಅದನ್ನು ಬಿಡಿಸಿ ಹೇಳದಿದ್ದರೆ ಮುಂದೆ ಲೆಕ್ಕ ಮಾಡುವವರು ದಾರಿ ತಪ್ಪುತ್ತಾರೆ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಜನವರಿಯಲ್ಲಿ ಸೂರ್ಯನಿಗೆ ಹತ್ತಿರವಿದ್ದು ಬೇಗ ಓಡುತ್ತದೆ, ಜುಲೈಯಲ್ಲಿ ನಿಧಾನ. ಜೊತೆಗೆ ಅದರ ಅಚ್ಚು ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿದೆ. ಈ ಎರಡೂ ಸೇರಿ ನಿಜವಾದ ಮಧ್ಯಾಹ್ನವನ್ನು ವರ್ಷದುದ್ದಕ್ಕೂ ಹಿಂದೆ ಮುಂದೆ ಸರಿಸುತ್ತವೆ. ಏಪ್ರಿಲ್ ನಡುವೆ ಉಗಾರದಲ್ಲಿ ಅದು 12 ಗಂಟೆ 31ಕ್ಕೇ ಬರುತ್ತದೆ. ನವೆಂಬರ್ ಮೊದಲ ವಾರ, ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ, 12 ಗಂಟೆ 14ಕ್ಕೆ. ಫೆಬ್ರವರಿ ನಡುವೆ 12 ಗಂಟೆ 45ಕ್ಕೆ. ಹೀಗೆ ಅರ್ಧ ತಾಸಿನ ಓಡಾಟವಿದ್ದರೂ ಅದು ಜಗತ್ತಿನ ಎಲ್ಲ ಊರಿಗೂ ಒಂದೇ ಸಮನಾಗಿ ಇರುತ್ತದೆ. ಊರಿನಿಂದ ಊರಿಗೆ ಬದಲಾಗುವುದು ರೇಖಾಂಶದ ಪಾಲು ಮಾತ್ರ.

ಇದನ್ನೆಲ್ಲ ತಿಳಿದು ಏನಾಗಬೇಕು ಎಂದು ಕೇಳುವವರಿಗೆ ನಮ್ಮ ಸೀಮೆಯ ಬದುಕನ್ನೇ ತೋರಿಸುತ್ತೇನೆ. ಉಗಾರ, ಶೇಡಬಾಳ, ಸದಲಗಾ ಸುತ್ತಿನಲ್ಲಿ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಜೈನ ಮನೆಗಳು ಎಷ್ಟೋ ಇವೆ. ಆಚಾರ್ಯ ವಿದ್ಯಾನಂದರು ಹುಟ್ಟಿದ್ದು ಶೇಡಬಾಳದಲ್ಲಿ, ಆಚಾರ್ಯ ವಿದ್ಯಾಸಾಗರರು ಸದಲಗಾದಲ್ಲಿ. ಆ ಮನೆಗಳ ತಾಯಂದಿರಿಗೆ ತಮ್ಮೂರಿನ ಸೂರ್ಯಾಸ್ತದ ನಿಮಿಷ ಬಾಯಿಪಾಠವಾಗಿರುತ್ತದೆ. ನದಿಯಾಚೆ ಕುಡಚಿಯಲ್ಲಿ ರಂಜಾನ್ ಬಂತೆಂದರೆ ಮಸೀದಿಯ ವೇಳಾಪಟ್ಟಿ ಮನೆಮನೆಯ ಗೋಡೆಗೆ ಏರುತ್ತದೆ. ಅದರಲ್ಲಿರುವುದು ಆ ಊರಿನ ಹೊತ್ತು, ಬೆಂಗಳೂರಿನದಲ್ಲ. ಬೆಂಗಳೂರಿನ ಹೊತ್ತು ನೋಡಿ ನಮ್ಮಲ್ಲಿ ಉಪವಾಸ ಬಿಟ್ಟರೆ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಉಗಾರಕ್ಕೂ ಬೆಂಗಳೂರಿಗೂ ರೇಖಾಂಶದ ಲೆಕ್ಕದಲ್ಲಿ 11 ನಿಮಿಷದ ಅಂತರ. ಆದರೆ ನಾವು ಅವರಿಗಿಂತ ಉತ್ತರಕ್ಕೂ ಇದ್ದೇವೆ, ಬೇಸಿಗೆಯಲ್ಲಿ ನಮ್ಮ ಹಗಲು ಉದ್ದ, ಚಳಿಗಾಲದಲ್ಲಿ ಗಿಡ್ಡ. ಆದ್ದರಿಂದ ಜೂನ್ ಕೊನೆಗೆ ಸೂರ್ಯಾಸ್ತದ ಅಂತರ 18 ನಿಮಿಷಕ್ಕೆ ಏರಿದರೆ ಡಿಸೆಂಬರ್ ಕೊನೆಗೆ 4 ನಿಮಿಷಕ್ಕೆ ಇಳಿಯುತ್ತದೆ. ಉದಯ ಅಸ್ತಗಳಲ್ಲಿ ಅಕ್ಷಾಂಶವೂ ಕೈಯಾಡಿಸುತ್ತದೆ. ರೇಖಾಂಶ ಒಂದೇ ಆಳುವುದು ಮಧ್ಯಾಹ್ನವನ್ನು, ಅದಕ್ಕಾಗಿಯೇ ನಾನು ಮಧ್ಯಾಹ್ನವನ್ನು ಹಿಡಿದು ಮಾತಾಡುತ್ತಿದ್ದೇನೆ.

ಇನ್ನು ಶನಿವಾರದ ಬೆಳಗಿನ ಶಾಲೆ. ಜನವರಿಯಲ್ಲಿ ಏಳೂವರೆಗೆ ಶಾಲೆಯ ಗಂಟೆ ಬಾರಿಸಿದರೆ ಸೂರ್ಯ ಹುಟ್ಟಿ ಇನ್ನೂ ಅರ್ಧ ತಾಸೂ ಆಗಿರುವುದಿಲ್ಲ. ನಮ್ಮೂರ ಸೂರ್ಯನ ಲೆಕ್ಕದಲ್ಲಿ ಅದು ಏಳು ಗಂಟೆ. ಮಂಜಿನಲ್ಲಿ ನಡುಗುತ್ತ ಬರುವ ಹೊಲದ ವಸ್ತಿಯ ಮಕ್ಕಳನ್ನು ಕಂಡಾಗಲೆಲ್ಲ, ಈ ವೇಳಾಪಟ್ಟಿ ಬರೆಯುವವರು ಗೋಡೆಯ ನಕಾಶೆಯನ್ನು ಒಮ್ಮೆ ನೋಡಬಾರದೇ ಎನಿಸುತ್ತದೆ.

ಊರಿನಿಂದ ಊರಿಗೆ ಹೊತ್ತು ಬೇರೆ ಎಂಬುದು ನಮ್ಮವರಿಗೆ ರೈಲಿನ ಜೊತೆ ಬಂದ ತಿಳಿವಳಿಕೆಯಲ್ಲ. ಸೂರ್ಯಸಿದ್ಧಾಂತದಲ್ಲಿಯೇ ಲಂಕೆಯಿಂದ ಉಜ್ಜಯಿನಿ, ಕುರುಕ್ಷೇತ್ರಗಳ ಮೇಲೆ ಹಾಯುವ ಒಂದು ಮಧ್ಯರೇಖೆಯ ಮಾತಿದೆ. ಗ್ರಹಗಣಿತವನ್ನೆಲ್ಲ ಆ ಗೆರೆಗೆ ಮಾಡಿ, ಆಮೇಲೆ ತಮ್ಮೂರಿಗೆ ತಕ್ಕಂತೆ ದೇಶಾಂತರ ಸಂಸ್ಕಾರ ಕೊಡುತ್ತಿದ್ದರು. ಗೆರೆಯಿಂದ ಎಷ್ಟು ದೂರವಿದ್ದೇವೆಂದು ತಿಳಿಯುವ ಬಗೆಯನ್ನೂ ಅದು ಹೇಳುತ್ತದೆ. ಚಂದ್ರಗ್ರಹಣ ಕಾಣುವವರಿಗೆಲ್ಲ ಅದು ಒಂದೇ ಕ್ಷಣದಲ್ಲಿ ಕಾಣುತ್ತದೆ. ಆದ್ದರಿಂದ ಮಧ್ಯರೇಖೆಗೆ ಲೆಕ್ಕ ಹಾಕಿದ ಹೊತ್ತಿಗೂ ನಮ್ಮೂರಲ್ಲಿ ಗಳಿಗೆಬಟ್ಟಲು ತೋರಿಸಿದ ಹೊತ್ತಿಗೂ ಇರುವ ವ್ಯತ್ಯಾಸವೇ ನಮ್ಮ ದೇಶಾಂತರ. ಗ್ರಹಣ ಲೆಕ್ಕಕ್ಕಿಂತ ತಡವಾಗಿ ಬಂದರೆ ನಾವು ಪೂರ್ವದಲ್ಲಿದ್ದೇವೆ, ಬೇಗ ಬಂದರೆ ಪಶ್ಚಿಮದಲ್ಲಿ.

ನಕಾಶೆಯಲ್ಲಿ ಉಜ್ಜಯಿನಿಯಿಂದ ಬೆರಳನ್ನು ನೇರ ಕೆಳಗೆ ಎಳೆದು ನೋಡಿ. 75.8 ಡಿಗ್ರಿ. ವಿಜಯಪುರ, ಬಾಗಲಕೋಟೆ, ಬಾದಾಮಿ ಮೂರೂ 75.7ರಲ್ಲಿವೆ, ಚಿಕ್ಕಮಗಳೂರಂತೂ ಗೆರೆಯ ಮೇಲೆಯೇ ಕೂತಿದೆ. ಇಂಗ್ಲೆಂಡಿನ ಗ್ರೀನಿಚ್ ಜಗತ್ತಿನ ಸೊನ್ನೆಗೆರೆಯಾಗುವುದಕ್ಕೆ ನೂರಾರು ವರ್ಷ ಮೊದಲೇ ಭಾರತೀಯ ಜ್ಯೋತಿಷಿಗಳ ಸೊನ್ನೆಗೆರೆ ಕನ್ನಡ ನಾಡಿನ ನಡುವೆ ಹಾದುಹೋಗಿತ್ತು. ಉಗಾರ ಅದರಿಂದ ಒಂದು ಡಿಗ್ರಿಗೂ ಕಡಿಮೆ ಪಶ್ಚಿಮಕ್ಕಿದೆ. ರೇಖಾಂಶದ ಮಟ್ಟಿಗೆ ಉಜ್ಜಯಿನಿಯ ಪಂಚಾಂಗವನ್ನು ನಮ್ಮೂರಿಗೆ ಹೊಂದಿಸುವುದೆಂದರೆ ಒಂಬತ್ತೂವರೆ ವಿಗಳಿಗೆಯ ಕೆಲಸ, ಅಷ್ಟೇ.

ಗೊಂದಲ ಶುರುವಾದದ್ದು ಹಳಿಗಳು ಬಂದ ಮೇಲೆ. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಮುಂದಿನ ಊರಿನ ಅರ್ಧ ನಿಮಿಷದ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಹಳಿಯ ಮೇಲೆ ಎರಡು ಕಡೆಯಿಂದ ಗಾಡಿ ಬಿಡುವವರಿಗೆ ಬರುತ್ತದೆ. 1870ರ ಸುಮಾರಿನಿಂದ ಭಾರತದ ರೈಲುಗಳು ಮದ್ರಾಸ್ ಸಮಯಕ್ಕೆ ಓಡತೊಡಗಿದವು. ಮದ್ರಾಸಿನ ವೀಕ್ಷಣಾಲಯದಿಂದ ತಂತಿಯ ಮೂಲಕ ಹೊತ್ತು ತಿಳಿಸುತ್ತಿದ್ದರು. ಮುಂದೆ ಸದರ್ನ್ ಮರಾಠಾ ರೈಲ್ವೆ ಮಿರಜದಿಂದ ಲೋಂಡಾ ಕಡೆಗೆ, ಶೇಡಬಾಳ, ಉಗಾರ, ಕುಡಚಿಗಳ ಮೇಲೆ ಹಳಿ ಹಾಕಿತು. ಅಂದಿನ ಸ್ಥಿತಿಯನ್ನು ಒಮ್ಮೆ ಊಹಿಸಿ. ಸ್ಟೇಶನ್ನಿನ ಮದ್ರಾಸ್ ಸಮಯ ಉಗಾರದ ಸೂರ್ಯನಿಗಿಂತ 22 ನಿಮಿಷ ಮುಂದು. ಮುಂಬಯಿ ಪ್ರಾಂತದ ರಾಜಧಾನಿ ಮುಂಬಯಿಯ ಸಮಯ ಉಗಾರದ ಸೂರ್ಯನಿಗಿಂತ 8 ನಿಮಿಷ ಹಿಂದು. ಗದ್ದೆಯಲ್ಲಿ ನೆರಳು ನೋಡಿ ಹೊತ್ತು ಹೇಳುವವನಿಗೆ ಈ ಎರಡೂ ಬೇಡ. ಒಂದೇ ಮಧ್ಯಾಹ್ನಕ್ಕೆ ಮೂರು ಹೊತ್ತು!

1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ ಗೆರೆಯನ್ನು ಸೊನ್ನೆಯೆಂದು ಒಪ್ಪಿಕೊಂಡರು. ಅಲ್ಲಿಂದ ಲೆಕ್ಕ ಹಿಡಿದು 1906ರ ಜನವರಿ 1ರಂದು ಭಾರತಕ್ಕೆಲ್ಲ ಐದೂವರೆ ತಾಸು ಮುಂದಿನ ಒಂದೇ ಸಮಯ ಜಾರಿಗೆ ಬಂತು. ಮುಂಬಯಿ ಇದನ್ನು ಸುಮ್ಮನೆ ಒಪ್ಪಲಿಲ್ಲ. ಹೊಸ ಸಮಯ ಅವರ ಹಳೆಯ ಸಮಯಕ್ಕಿಂತ 39 ನಿಮಿಷ ಮುಂದು, ಗಿರಣಿಯ ಬಾಗಿಲು ಅಷ್ಟು ಬೇಗ ತೆರೆದರೆ ಕತ್ತಲಲ್ಲೇ ಮನೆ ಬಿಡಬೇಕು. ಗಿರಣಿ ಕಾರ್ಮಿಕರು ಪ್ರತಿಭಟಿಸಿದರು. ನಗರ 1955ರವರೆಗೂ ತನ್ನ ಮುಂಬಯಿ ಸಮಯವನ್ನು ಬಿಟ್ಟುಕೊಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಸರಕಾರ ಗಡಿಯಾರವನ್ನು ಇನ್ನೂ ಒಂದು ತಾಸು ಮುಂದೆ ತಳ್ಳಿತ್ತು. ಆ ವರ್ಷಗಳಲ್ಲಿ ಉಗಾರದ ನೆತ್ತಿಗೆ ಸೂರ್ಯ ಬರುವಾಗ ಗಡಿಯಾರದಲ್ಲಿ ಒಂದೂವರೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸಿನಂಥ ಕಾರ್ಖಾನೆಗೆ ಪಾಳಿ ಬದಲಿಸಲು ಒಂದೇ ಗಡಿಯಾರ ಬೇಕೇ ಬೇಕು, ರೈಲಿಗೂ ಬೇಕು, ಕರೆಂಟು ಹಂಚುವವರಿಗೂ ಬೇಕು. ಇದರಲ್ಲಿ ನನಗೆ ತಕರಾರಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರ ಕಾಯುವ ಆ ಹೊತ್ತು ನಾವೆಲ್ಲ ಕೂಡಿ ಬಾಳಲು ಮಾಡಿಕೊಂಡ ಒಪ್ಪಂದ. ಸೂರ್ಯನ ಹೊತ್ತು ಒಪ್ಪಂದವಲ್ಲ ಎಂಬುದಷ್ಟು ನೆನಪಿದ್ದರೆ ಸಾಕು.

ಪರದೇಶದಲ್ಲಿರುವ ನಮ್ಮ ಮಕ್ಕಳಿಗೆ ಇದು ಯುಗಾದಿಯ ಹೊತ್ತಿಗೆ ಚೆನ್ನಾಗಿ ಅನುಭವಕ್ಕೆ ಬರುತ್ತದೆ. ನ್ಯೂಯಾರ್ಕಿನಲ್ಲಿರುವ ಮಗಳು ಫೋನ್ ಮಾಡಿ, ಅವ್ವಾ, ಇಲ್ಲಿ ಯುಗಾದಿ ಸೋಮವಾರ ಅಂತಾರ, ನಿಮ್ಮಲ್ಲಿ ಮಂಗಳವಾರ ಹೆಂಗ, ಎಂದು ಕೇಳಿದರೆ ಗಾಬರಿಯಾಗಬೇಕಿಲ್ಲ. ತಿಥಿ ಎಂಬುದು ಸೂರ್ಯಚಂದ್ರರ ನಡುವಿನ ಅಂತರ, ಅದು ಬದಲಾಗುವ ಕ್ಷಣ ಜಗತ್ತಿಗೆಲ್ಲ ಒಂದೇ. ಆದರೆ ಹಬ್ಬದ ದಿನವನ್ನು ಗೊತ್ತು ಮಾಡುವುದು ಸೂರ್ಯೋದಯಕ್ಕೆ ಯಾವ ತಿಥಿ ಇತ್ತು ಎಂಬುದರ ಮೇಲೆ, ಸೂರ್ಯೋದಯವೋ ರೇಖಾಂಶಕ್ಕೆ ಕಟ್ಟುಬಿದ್ದದ್ದು. ಒಂದು ವರ್ಷ ಚೈತ್ರದ ಪಾಡ್ಯ ನಮ್ಮ ಸೋಮವಾರ ಬೆಳಿಗ್ಗೆ 8 ಗಂಟೆಗೆ ಹಿಡಿದು ಮಂಗಳವಾರದ ಸೂರ್ಯೋದಯ ದಾಟಿ ಮುಗಿಯಿತು ಎನ್ನೋಣ. ಸೋಮವಾರದ ಉದಯಕ್ಕೆ ನಮ್ಮಲ್ಲಿ ಇನ್ನೂ ಅಮಾವಾಸ್ಯೆ, ಆದ್ದರಿಂದ ನಮಗೆ ಯುಗಾದಿ ಮಂಗಳವಾರ. ಅದೇ ಕ್ಷಣ ನ್ಯೂಯಾರ್ಕಿನಲ್ಲಿ ಭಾನುವಾರ ರಾತ್ರಿ ಹತ್ತೂವರೆ. ಅಲ್ಲಿ ಸೋಮವಾರ ಸೂರ್ಯ ಹುಟ್ಟುವಾಗ ಪಾಡ್ಯ ಬಂದಾಗಿದೆ, ಅವರು ಅಂದೇ ಬೇವು ಬೆಲ್ಲ ಹಂಚಬೇಕು. ಇಬ್ಬರದೂ ಸರಿ. ಇಲ್ಲಿಯ ಪಂಚಾಂಗವನ್ನು ಪೊಟ್ಟಣ ಕಟ್ಟಿ ಅಲ್ಲಿಗೆ ಕಳಿಸುವುದಷ್ಟೇ ಸರಿಯಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನೀವೇ ನಿಮ್ಮ ಅಂಗಳದಲ್ಲಿ ಅಳೆದು ನೋಡಬೇಕು. ಅದಕ್ಕೆ ಮೇ 6ರ ಸುಮಾರು ಒಳ್ಳೆಯ ದಿನ. ಆ ವೇಳೆಗೆ ಸೂರ್ಯ ಉಗಾರದ ನೆತ್ತಿಗೆ ಸರಿಯಾಗಿ ಬರುತ್ತಾನೆ, ನೆಟ್ಟ ಕೋಲಿಗೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಆಗಸ್ಟ್ ಮೊದಲ ವಾರದ ಕೊನೆಗೂ ಹೀಗೆ ಆಗುತ್ತದೆ, ಆದರೆ ಆಗ ಮೋಡದ ಕಾಟ.

ನೆಲವನ್ನು ಮಟ್ಟ ಮಾಡಿ ಸಾರಿಸಿ. ಒಂದು ಮೀಟರ್ ಉದ್ದದ ನೇರ ಕೋಲನ್ನು ನೆಟ್ಟು, ಗೌಂಡಿಯ ಹತ್ತಿರ ಓಳಂಬ ಇಸಿದುಕೊಂಡು ಅದು ಎಲ್ಲ ಕಡೆಯಿಂದಲೂ ನೆಟ್ಟಗಿದೆಯೇ ನೋಡಿ. ಕೋಲಿನ ಬುಡಕ್ಕೆ ಹಗ್ಗ ಕಟ್ಟಿ ಸುಮಾರು 43 ಸೆಂಟಿಮೀಟರ್ ತ್ರಿಜ್ಯದ ವರ್ತುಲ ಎಳೆಯಿರಿ. ಬೆಳಿಗ್ಗೆ ಉದ್ದವಿರುವ ನೆರಳು ಗಿಡ್ಡವಾಗುತ್ತ ಬಂದು ಅದರ ತುದಿ ವರ್ತುಲವನ್ನು ಮುಟ್ಟುತ್ತದೆ. ಹೊತ್ತು ಬರೆದಿಡಿ. ಮಧ್ಯಾಹ್ನದ ಮೇಲೆ ನೆರಳು ಇನ್ನೊಂದು ಕಡೆ ಬೆಳೆದು ಮತ್ತೆ ವರ್ತುಲವನ್ನು ಮುಟ್ಟುತ್ತದೆ. ಅದನ್ನೂ ಬರೆದಿಡಿ. ಎರಡರ ನಡುವೆ ನಿಮ್ಮೂರಿನ ಮಧ್ಯಾಹ್ನವಿದೆ. ಬೆಳಿಗ್ಗೆ 10 ಗಂಟೆ 50 ನಿಮಿಷ, ಮಧ್ಯಾಹ್ನ 2 ಗಂಟೆ 4 ನಿಮಿಷ ಬಂತೆನ್ನಿ. ನಡು ಹಿಡಿದರೆ 12 ಗಂಟೆ 27. ಆ ದಿನ ಸೂರ್ಯ ಸರಾಸರಿಗಿಂತ ಸುಮಾರು ಮೂರೂವರೆ ನಿಮಿಷ ಮುಂದಿರುತ್ತಾನೆ, ಅದನ್ನು ಕೂಡಿಸಿದರೆ 12 ಗಂಟೆ ಮೂವತ್ತೂವರೆ ನಿಮಿಷ. ಹನ್ನೆರಡು ಕಳೆದು ಉಳಿದ ಮೂವತ್ತೂವರೆಯನ್ನು ನಾಲ್ಕರಿಂದ ಭಾಗಿಸಿದರೆ 7.6 ಡಿಗ್ರಿ. 82.5ರಲ್ಲಿ ಅದನ್ನು ಕಳೆಯಿರಿ, 74.9. ಉಗಾರದ ನಿಜವಾದ ರೇಖಾಂಶಕ್ಕೆ ಒಂದು ಕೋಲು, ಒಂದು ಹಗ್ಗದಿಂದ ಇಷ್ಟು ಹತ್ತಿರ ಬಂದಿರಿ. ನಡು ಹಿಡಿದ ಹೊತ್ತು ನಾಲ್ಕು ಸೆಕೆಂಡು ತಪ್ಪಿದರೆ ನೆಲದ ಮೇಲೆ ಸುಮಾರು 1.8 ಕಿಲೋಮೀಟರ್ ತಪ್ಪುತ್ತದೆ, ಆದ್ದರಿಂದ ನೆರಳಿನ ತುದಿಯನ್ನು ಕಣ್ಣಿಟ್ಟು ನೋಡಿ, ಮೊಬೈಲಿನ ಹೊತ್ತನ್ನು ಸೆಕೆಂಡಿನ ಸಮೇತ ಬರೆಯಿರಿ. ಒಂದೇ ವರ್ತುಲದ ಬದಲು ನಾಲ್ಕೈದು ಎಳೆದು ಸರಾಸರಿ ತೆಗೆದರೆ ಇನ್ನೂ ಉತ್ತಮ.

ಅಥಣಿಯ ಒಂದು ಶಾಲೆಯವರೂ ನಿಪ್ಪಾಣಿಯ ಒಂದು ಶಾಲೆಯವರೂ ಒಂದೇ ದಿನ ಇದನ್ನು ಮಾಡಿ ಫೋನಿನಲ್ಲಿ ಉತ್ತರ ಹೋಲಿಸಿಕೊಂಡರೆ ಆ ಎರಡು ಮುಕ್ಕಾಲು ನಿಮಿಷ ಮಕ್ಕಳ ಕಣ್ಣಿಗೇ ಬೀಳುತ್ತದೆ. ಎರಡೂರಿನ ನಡುವಿನ ಪೂರ್ವ ಪಶ್ಚಿಮ ಅಂತರವನ್ನು ನಕಾಶೆಯಿಂದ ಅಳೆದು ಆ ನಿಮಿಷಗಳಿಂದ ಭಾಗಿಸಿದರೆ ತಮ್ಮ ಕಾಲ ಕೆಳಗಿನ ನೆಲ ತಿರುಗುವ ವೇಗವೂ ಸಿಗುತ್ತದೆ. ಅಂದು ಮೋಡ ಕವಿದರೆ ಮರುದಿನ ಮಾಡಿ. ಒಂದು ದಿನಕ್ಕೆ ಮಧ್ಯಾಹ್ನ ಸರಿಯುವುದು ಕೆಲವೇ ಸೆಕೆಂಡು.